ಗೋದಾಮಿನಡಿಯ ಪಿಚ್ಚು

ಕಳೆದ ಶುಕ್ರವಾರ ಬೆಳಿಗ್ಗೆ, ನಾನು ದುಡಿಯುವ ಈ ಕೊಲ್ಲಿ ದೇಶದ ಅರ್ದಿಯಾದಲ್ಲಿ, ಗೋದಾಮುಗಳ ನಡುವಿನ ರಸ್ತೆಯಲ್ಲಿ ನನ್ನ ಕಾರಿನ ಟೈರು ಪಂಕ್ಚರ್ ಆಯಿತು. ಆಗಸ್ಟ್ ತಿಂಗಳು, ಹೊತ್ತು ಏರುವ ಮೊದಲೇ ಡಾಂಬರು ಕಾದು ಕೂತಿತ್ತು. ಯಾರಿಗೆ ಬೈಯಬೇಕೆಂದು ತಿಳಿಯದೆ ಟೈರಿಗೇ ನಾಲ್ಕು ಮಾತು ಬೈದು ಡಿಕ್ಕಿ ತೆಗೆದೆ. ಸ್ಟೆಪ್ನಿ ಎತ್ತಿದರೆ ಅದರ ಅಡಿಯಲ್ಲೊಂದು ಗೇಣುದ್ದದ ಮೊಳೆ. ಪೂರ್ತಿ ತುಕ್ಕು. ತಲೆಯ ಹತ್ತಿರ ತೆಂಗಿನ ನಾರಿನ ಒಂದು ಎಳೆ ಇನ್ನೂ ಸುತ್ತಿಕೊಂಡಿತ್ತು. ಮೂಗಿನ ಹತ್ತಿರ ಹಿಡಿದೆ. ಕಬ್ಬಿಣದ ವಾಸನೆ ಬಿಟ್ಟು ಬೇರೇನೂ ಇರಲಿಲ್ಲ. ಆದರೂ ನೀರು ಕುಡಿದ ನಾರಿನ ವಾಸನೆ ಎಲ್ಲಿಂದಲೋ ಬಂದ ಹಾಗಾಯಿತು... ಜಾಕ್ ಪಕ್ಕಕ್ಕಿಟ್ಟು ಅಲ್ಲೇ ಗೋಡೆಯ ನೆರಳಿಗೆ ಕುಳಿತೆ.

ಅದು ನಮ್ಮ ಕ್ರಿಕೆಟ್ ಮೈದಾನದ ಮೊಳೆ. ಮೈದಾನ ಅಂದರೆ ಹುಲ್ಲು ಎಂದು ತಿಳಿಯಬೇಡಿ. ಗೋದಾಮುಗಳ ಹಿಂದಿನ ಬರೀ ಮರಳು, ನಡುವೆ ಸಿಮೆಂಟಿನ ಒಂದು ಪಟ್ಟಿ, ಅದರ ಮೇಲೆ ತೆಂಗಿನ ನಾರಿನ ಮ್ಯಾಟ್. ಪಂದ್ಯಕ್ಕೆ ಮೊದಲು ಮ್ಯಾಟಿಗೆ ನೀರು ಹೊಡೆದು, ಎಳೆದು, ಅಂಚಿಗೆಲ್ಲ ಇಂಥ ಮೊಳೆ ಬಡಿಯಬೇಕು. ಈ ಕೆಲಸವನ್ನು ನಮ್ಮ ತಂಡದ ಮ್ಯಾನೇಜರರು ಇನ್ನೊಬ್ಬರಿಗೆ ಬಿಟ್ಟುಕೊಟ್ಟವರಲ್ಲ. ಪಂದ್ಯ ಮುಗಿದ ಮೇಲೆ ಒಂದು ಮೊಳೆ ಕಡಿಮೆಯಾದರೂ ಯಾರೂ ಮನೆಗೆ ಹೋಗುವಂತಿರಲಿಲ್ಲ. ಹಸಿದ ಹೊಟ್ಟೆಯಲ್ಲಿ ಎಲ್ಲರೂ ಮರಳು ಕೆದರುತ್ತ ಕೂರಬೇಕು.

ಅವರು ಕರಾವಳಿಯವರು, ಮನೆಮಾತು ತುಳು. ಅರ್ದಿಯಾದ ಒಂದು ಬಿಡಿಭಾಗಗಳ ಗೋದಾಮಿನಲ್ಲಿ ಸ್ಟೋರ್‌ಕೀಪರ್ ಆಗಿದ್ದರು. ಜೀವಮಾನದಲ್ಲಿ ಒಂದು ಪಂದ್ಯವನ್ನೂ ಆಡಿದವರಲ್ಲ. ಬ್ಯಾಟು ಹಿಡಿದರೆ ಸೌಟು ಹಿಡಿದಂತೆ ಕಾಣುತ್ತಿತ್ತು. ಆದರೆ ಬಾಯಿ ಮಾತ್ರ ವಿಶ್ವಕಪ್ ಗೆದ್ದವರದ್ದು. ನಾನು ಗದಗ ಕಡೆಯವನು, ಮೀನಾ ಅಬ್ದುಲ್ಲಾದ ರಿಫೈನರಿಯಲ್ಲಿ ಟೆಕ್ನೀಶಿಯನ್. ತಂಡದಲ್ಲಿ ಅರ್ಧ ನಮ್ಮ ಕಡೆಯ ಹುಡುಗರು, ಅರ್ಧ ಅವರ ಕಡೆಯ ಹೋಟೆಲು, ಅಂಗಡಿಯವರು. ಲೀಗಿನ ಕಟ್ಟಕಡೆಯ ಡಿವಿಷನ್ನಿನಲ್ಲಿ ನಮ್ಮ ಜಾಗ ಭದ್ರವಾಗಿತ್ತು.

ಇಲ್ಲಿ ಚಳಿಗಾಲದಲ್ಲಿ ಆಟ, ಬೇಸಿಗೆಯಲ್ಲಿ ಬಿಡುವು. ಆದರೆ ನಮ್ಮ ತಂಡದ ಸೋಲು ಗೆಲುವು ತೀರ್ಮಾನವಾಗುತ್ತಿದ್ದುದು ಬಿಡುವಿನಲ್ಲೇ. ಒಬ್ಬನ ಕಾಂಟ್ರಾಕ್ಟ್ ಮುಗಿಯುತ್ತಿತ್ತು, ಇನ್ನೊಬ್ಬ ರಜೆಗೆ ಹೋದವನು ಬರುತ್ತಲೇ ಇರಲಿಲ್ಲ. ಮ್ಯಾನೇಜರರಿಗೆ ಇದ್ಯಾವುದೂ ಲೆಕ್ಕಕ್ಕಿಲ್ಲ. ಮಹಬೂಲಾದಲ್ಲಿ ನಮ್ಮ ಮನೆಯ ಕೆಳಗಿನ ಕೆಫೆಟೇರಿಯಾದಲ್ಲಿ ಚಹಾ ಹಿಡಿದು ಮುಂದಿನ ಸೀಸನ್ನಿನ ಭವಿಷ್ಯ ಹೇಳುತ್ತಿದ್ದರು.

“ಫಾಸ್ಟ್ ಬೌಲರ್ ಸೌದಿಗೆ ಹೋದ್ನಲ್ರೀ,” ಎಂದರೆ, “ಹೋಗ್ಲಿ ಮಾರಾಯ, ಅವನ ವೈಡ್ ಬಾಲ್ ಸೌದಿಯವರು ತಿನ್ಲಿ. ನಮಗೆ ಬೇರೆ ಬರ್ತಾನೆ,” ಎನ್ನುವರು. ಹೊಸದಾಗಿ ಬಂದಿಳಿದ ಹುಡುಗರು ಲೇಬರ್ ಕ್ಯಾಂಪಿನ ಬಾಗಿಲಲ್ಲಿ ಪೆಟ್ಟಿಗೆ ಇಳಿಸುತ್ತಿರುವಾಗಲೇ ಹೋಗಿ, “ನಿಂಗೆ ಬೌಲಿಂಗ್ ಗೊತ್ತುಂಟಾ?” ಎಂದು ಕೇಳುತ್ತಿದ್ದರು. ಪಾಪ, ಅವರಿಗೆ ಊಟ ಎಲ್ಲಿ ಸಿಗುತ್ತದೆ ಎಂದೇ ಗೊತ್ತಿರುತ್ತಿರಲಿಲ್ಲ.

ಮೂರು ವರ್ಷದ ಹಿಂದೆ, ಆ ವರ್ಷ ಮಾತ್ರ, ಗಾಳಿ ಬೇರೆಯಾಗಿತ್ತು. ಪಿಚ್ಚಿನ ಸಿಮೆಂಟು ಒಡೆದು ಚೆಂಡು ಎಲ್ಲೆಲ್ಲೋ ನೆಗೆಯುತ್ತಿತ್ತು, ಎದುರಾಳಿಯೊಬ್ಬನ ಬೆರಳು ಮುರಿಯಿತು. ಲೀಗಿನವರು ಖಡಾಖಂಡಿತವಾಗಿ ಹೇಳಿದರು: ಸೀಸನ್ನಿನ ಮೊದಲ ಪಂದ್ಯದ ಹೊತ್ತಿಗೆ ಹೊಸ ಪಿಚ್ಚು ಆಗಿರಬೇಕು, ಹನ್ನೊಂದು ಜನ ಇಳಿಯಬೇಕು. ಇಲ್ಲದಿದ್ದರೆ ಮೈದಾನ ಬೇರೆ ತಂಡಕ್ಕೆ. ಮೈದಾನ ಹೋದರೆ ತಂಡ ಉಳಿಯುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು.

ಅದೇ ಬೇಸಿಗೆಯಲ್ಲಿ ಮ್ಯಾನೇಜರರ ಇಕಾಮಾ, ಅಂದರೆ ಇಲ್ಲಿ ಇರಲು ಬೇಕಾದ ಪರವಾನಗಿ, ಮುಗಿಯುವುದಿತ್ತು. ಆಗ ಅರವತ್ತು ತುಂಬಿದ, ಡಿಗ್ರಿ ಇಲ್ಲದವರಿಗೆ ರಿನ್ಯೂ ಆಗುವುದು ದುಸ್ತರವಾಗಿತ್ತು. ಕಂಪನಿ ಕೈ ಎತ್ತಿತು. ಸಂಕಟವೇನೆಂದರೆ ಅವರಿಗೆ ನಿಜವಾಗಿ ಅರವತ್ತು ಆಗಿರಲೇ ಇಲ್ಲ. ಹುಡುಗನಾಗಿದ್ದಾಗ ವೀಸಾಕ್ಕೆ ವಯಸ್ಸು ಸಾಲದೆಂದು ಏಜೆಂಟು ಪಾಸ್‌ಪೋರ್ಟಿನಲ್ಲಿ ಮೂರು ವರ್ಷ ಏರಿಸಿದ್ದ. “ಏಜೆಂಟ್ ನಂಗೆ ಮೂರು ವರ್ಷ ಫ್ರೀ ಕೊಟ್ಟಿದ್ದಾನೆ,” ಎಂದು ಎಲ್ಲರ ಮುಂದೆ ಹೇಳಿ ನಗುತ್ತಿದ್ದರು. ಈಗ ಅದೇ ಮೂರು ವರ್ಷ ಕುತ್ತಿಗೆಗೆ ಬಂತು. ಯಾರ ಹತ್ತಿರ ಹೋಗಿ ಹೇಳುವುದು? ನಾನು ಸುಳ್ಳು ಹೇಳಿ ಈ ದೇಶಕ್ಕೆ ಬಂದೆ, ನಿಜ ಹೇಳುತ್ತೇನೆ, ಇನ್ನೂ ಇರಗೊಡಿ ಎಂದೇ?

ಕಂಪನಿ ಟಿಕೆಟ್ ಕೊಟ್ಟಿತು. ಅವರು ಹೋಗಲಿಲ್ಲ. ಕಂಪನಿಯ ರೂಮು ಬಿಟ್ಟು, ಸಾಮಾನಿಡಲು ಮೈದಾನದ ಮೂಲೆಯಲ್ಲಿ ಇಟ್ಟಿದ್ದ ಹಳೆಯ ಕಂಟೇನರಿನಲ್ಲಿ ಚಾಪೆ ಹಾಸಿಕೊಂಡರು. ನಾನು ಸಿಟ್ಟಿನಲ್ಲೇ ಹೋದೆ. “ತಲಿ ಕೆಟ್ಟೈತೇನ್ರಿ ನಿಮಗ? ನೀವಾಗೇ ಹೋದ್ರ ಮುಂದ ವಿಸಿಟ್ ವೀಸಾದಾಗರ ಬರಬಹುದು. ಸಿಕ್ಕಬಿದ್ರ ಬೆರಳಚ್ಚು ತಗೊಂಡು ಕಳಸ್ತಾರ. ಜೀವ ಇರೋತನಕ ಈ ನೆಲಾ ತುಳಿಯಂಗಿಲ್ಲ.”

“ಗೊತ್ತುಂಟು. ಒಂದೇ ಮ್ಯಾಚ್. ಅದು ನೋಡಿ ನಾನೇ ಹೋಗ್ತೇನೆ. ಈಗ ನಾನು ಹೋದ್ರೆ ಆ ಸಿಮೆಂಟಿಗೆ ನೀರು ಹಾಕುದು ಯಾರು, ನಿನ್ನಪ್ಪನಾ?”

ನಮಗೆಲ್ಲ ಡ್ಯೂಟಿ. ರಜೆಯ ಒಂದು ನಸುಕಿನಲ್ಲಿ ಹಳೆಯ ಪಟ್ಟಿ ಒಡೆದು, ಕಂಬಿ ಕಟ್ಟಿ, ಹೊಸ ಕಾಂಕ್ರೀಟು ಹಾಕಿದವರು ನಾವೇ. ಆದರೆ ಆ ಬಿಸಿಲಿಗೆ ಹಸಿ ಕಾಂಕ್ರೀಟು ಒಣಗಿದರೆ ಬಿರುಕು ಬಿಡುವುದು ಖಂಡಿತ. ಅವರು ಗೋಣಿಚೀಲ ಹೊದಿಸಿ, ದಿನವಿಡೀ ಕ್ಯಾನಿನಲ್ಲಿ ನೀರು ಹೊತ್ತು ತಂದು ಸುರಿಯುತ್ತಿದ್ದರು. ನಾನು ಡಬ್ಬಿಯಲ್ಲಿ ರೊಟ್ಟಿ ಪಲ್ಯ ಒಯ್ಯುತ್ತಿದ್ದೆ. ಕಂಟೇನರಿನ ಬಾಗಿಲು ಮುಟ್ಟಿದರೆ ಕೈ ಸುಡುತ್ತಿತ್ತು. ಮುಖ ಕರ್ರಗಾಗಿ, ತುಟಿ ಒಡೆದು... ಆ ಮನುಷ್ಯ ಅದರೊಳಗೆ ಹೇಗೆ ಜೀವ ಹಿಡಿದಿದ್ದರೋ. ಅಷ್ಟರ ನಡುವೆಯೂ ಪ್ರೇಕ್ಷಕರಿಗೆಂದು ಶೇಡ್ ನೆಟ್ ಕಟ್ಟಿದ್ದರು, ಬೌಂಡರಿಯ ಹಳೆ ಟೈರುಗಳಿಗೆ ಸುಣ್ಣ ಬಳಿದಿದ್ದರು. ಪ್ರೇಕ್ಷಕರು ಅಂದರೆ ನನ್ನ ಹೆಂಡತಿ ಮಕ್ಕಳು, ಅಷ್ಟೇ.

ಮೊದಲ ಪಂದ್ಯದ ಬೆಳಿಗ್ಗೆ ಲೀಗಿನವರು ಬಂದು ಪಿಚ್ಚು ನೋಡಿ ತಲೆಯಾಡಿಸಿದರು. ಆದರೆ ನಾವು ಹತ್ತೇ ಜನ. ಕ್ರೇನ್ ಆಪರೇಟರ್ ಹುಡುಗನನ್ನು ಫೋರ್‌ಮನ್ ಬಿಟ್ಟಿರಲಿಲ್ಲ. ಮ್ಯಾನೇಜರರು ಕಂಟೇನರಿಗೆ ಹೋಗಿ, ಹೊಟ್ಟೆಗೆ ಬಿಗಿಯಾದ ಒಂದು ಜೆರ್ಸಿ ಹಾಕಿಕೊಂಡು ಬಂದರು. ಆಟಗಾರರ ಸಿವಿಲ್ ಐಡಿ ನೋಡುವುದು ನಮ್ಮ ಲೀಗಿನ ಪದ್ಧತಿ. ಎದುರಾಳಿ ನಾಯಕ ಅವರ ಕಾರ್ಡಿನ ಮುಗಿದುಹೋದ ತಾರೀಖು ನೋಡಿದ, ಅವರ ಒಡೆದ ತುಟಿ ನೋಡಿದ. “ಚಲೋ ಚಾಚಾ,” ಎಂದು ಕಾರ್ಡು ಹಿಂದಕ್ಕೆ ಕೊಟ್ಟುಬಿಟ್ಟ.

ಒಂಬತ್ತು ವಿಕೆಟ್ ಬಿದ್ದಾಗ ಗೆಲ್ಲಲು ಇನ್ನು ಸ್ವಲ್ಪವೇ ಬೇಕಿತ್ತು. ಈ ತುದಿಯಲ್ಲಿ ನಾನಿದ್ದೆ. ಪ್ಯಾಡು ಕಟ್ಟಿಕೊಂಡು ಅವರು ನಡೆದು ಬರುತ್ತಿದ್ದರು. ಅವರ ಹಿಂದೆ ಗೋದಾಮಿನ ತಿರುವಿನಲ್ಲಿ ಪೊಲೀಸ್ ಜೀಪು ಕಾಣಿಸಿತು. ಆ ವಾರ ಅರ್ದಿಯಾದಲ್ಲಿ ಇಕಾಮಾ ಚೆಕಿಂಗ್ ನಡೆದಿತ್ತು.

“ಓಡ್ರಿ,” ಎಂದೆ. “ಕಂಟೇನರ್ ಹಿಂದಿಂದ ಓಡ್ರಿ!”

“ಓಡಿದ್ರೆ ಹತ್ತು ಜನ ಆಗ್ತದೆ,” ಎಂದು ಅವರು ಗಾರ್ಡ್ ತೆಗೆದುಕೊಂಡು ನಿಂತರು.

ಜೀಪಿನಿಂದ ಇಳಿದ ಪೊಲೀಸ್ ಎಳೆಯ ಹುಡುಗ. ಬೌಂಡರಿಯಲ್ಲಿದ್ದವರ ಕಾರ್ಡು ನೋಡುತ್ತ ಬಂದು, ಇವರ ಕಡೆ ಕೈ ಬೀಸಿ ಕರೆದ. ಇವರು ಕೈಯ ಐದೂ ಬೆರಳು ಎತ್ತಿ ತೋರಿಸಿ, “ಖಮ್ಸ ದಗೀಗಾ!” ಎಂದು ಕೂಗಿದರು. ಐದು ನಿಮಿಷ. ಇಷ್ಟು ವರ್ಷ ಇಲ್ಲಿನ ಪ್ರತಿ ಕೌಂಟರಿನಲ್ಲಿ ನಮ್ಮನ್ನು ಕೂರಿಸಿದ ಮಾತು ಅದು. ಆ ಹುಡುಗನಿಗೂ ನಗು ಬಂತು. ಜೀಪಿಗೆ ಒರಗಿ ಕೈಕಟ್ಟಿ ನಿಂತ.

ಮೊದಲ ಚೆಂಡು ಹೊಸ ಪಿಚ್ಚಿನ ಮೇಲೆ ಬಿದ್ದು ನೆಟ್ಟಗೆ ಬಂತು. ಇವರು ಬ್ಯಾಟು ಅಡ್ಡ ಇಟ್ಟರು, ಚೆಂಡು ಕಾಲ ಬಳಿ ಸತ್ತು ಬಿತ್ತು. “ನೋಡಿದ್ಯಾ, ಎಷ್ಟು ನೀಟ್ ಬಂತು!” ಎಂದು ನನ್ನತ್ತ ಕೂಗಿದರು. ಮತ್ತೊಂದು, ಮತ್ತೊಂದು. ಓವರ್ ಮುಗಿಯಿತು. ಜೀಪಿನ ಕಡೆಯಿಂದ “ಯಲ್ಲಾ, ಖಲಾಸ್” ಎಂಬ ಕೂಗು ಬಂತು, ನಡಿ, ಮುಗಿಯಿತು ಎಂದು. ಇವರು ಗ್ಲೌಸ್ ಬಿಚ್ಚಿ, ಬ್ಯಾಟು ನನ್ನ ಕೈಗೆ ಕೊಟ್ಟರು. “ಮೊಳೆ ಎಲ್ಲ ಸರಿ ನೋಡಿ ತೆಗೆದಿಡು ಆಯ್ತಾ,” ಎಂದರು. ಜೆರ್ಸಿಯಲ್ಲೇ ಜೀಪು ಹತ್ತಿದರು. ನಾವು ಪಂದ್ಯ ಸೋತೆವು, ಮೈದಾನ ಉಳಿಯಿತು. ಆ ದಿನ ಮೊಳೆ ಯಾರೂ ಎಣಿಸಲಿಲ್ಲ. ಕೈಗೆ ಸಿಕ್ಕಿದ್ದನ್ನು ನಾನು ಡಿಕ್ಕಿಗೆ ಎಸೆದಿದ್ದೆ.

ಬೆರಳಚ್ಚು ಪಡೆದು ಅವರನ್ನು ಊರಿಗೆ ಕಳಿಸಿದರು. ಮುಂದಿನ ಬೇಸಿಗೆಯಲ್ಲಿ ಜಾಗದ ಮಾಲೀಕ ಮೈದಾನಕ್ಕೆ ಗೋಡೆ ಎಬ್ಬಿಸಿ ಗೋದಾಮು ಕಟ್ಟಿಸಿದ. ಕೇಳಿದರೆ, ಜಾಗ ನನ್ನದಲ್ಲವೇ ಎಂದ. ಹೌದು, ಅವನದ್ದೇ. ತಂಡ ಚೆಲ್ಲಾಪಿಲ್ಲಿಯಾಯಿತು.

ಆದರೆ ಶುಕ್ರವಾರ ಬೆಳಿಗ್ಗೆ ಅವರ ಫೋನು ತಪ್ಪುತ್ತಿರಲಿಲ್ಲ. “ಟೀಮ್ ಹೇಗುಂಟು?” ಮೊದಲ ಸಲ ನನ್ನ ನಾಲಿಗೆ ತಾನೇ ಹೊರಳಿತು: “ಅಡ್ಡಿಯಿಲ್ರೀ, ಎಡಗೈ ಬೌಲರ್ ಒಬ್ಬ ಬಂದಾನ.” ಮುಂದಿನ ವಾರ ಆ ಬೌಲರನಿಗೆ ಒಂದು ಊರು ಕೊಡಬೇಕಾಯಿತು, ಅದರ ಮುಂದಿನ ವಾರ ವಿಕೆಟ್. ಹೀಗೆ ಎರಡು ಬೇಸಿಗೆ ನಾನೇ ಭವಿಷ್ಯ ಹೇಳುವವನಾದೆ. ಇಲ್ಲದ ಮೈದಾನಕ್ಕೆ ಮೆಟ್ಟಿಲು ಕಟ್ಟಿಸಿದೆ, ಲೈಟು ಹಾಕಿಸಿದೆ. ಹಸಿರು ಹಾಸು ಹಾಕಿಸಿದೆ ಎಂದಾಗ ಮಾತ್ರ ಕೆಂಡಾಮಂಡಲವಾದರು. “ನನ್ನ ಮ್ಯಾಟ್ ತೆಗಿತೀರಾ? ನಿಮ್ಮ ಮಂಡೆಗೆ ಹಾಸಿ ಅದನ್ನು!” ಮರುವಾರ ಮ್ಯಾಟು ವಾಪಸು ಬಂತು. ಹೆಂಡತಿ ಕೇಳಿಸಿಕೊಂಡು, “ಎಷ್ಟ್ ಸುಳ್ಳ್ ಹೇಳ್ತೀರಿ ಮಾರಾಯ್ರ,” ಎನ್ನುತ್ತಿದ್ದಳು. ಆಮೇಲೆ ಅವಳೇ, “ಆ ಬೌಲರ್ ಈ ವಾರ ಏನ್ ಮಾಡಿದ?” ಎನ್ನುತ್ತಿದ್ದಳು.

ಊರಿನಲ್ಲಿ ಅವರ ಕಿಡ್ನಿ ಕೈಕೊಟ್ಟಿತ್ತು. ಈ ಬೇಸಿಗೆಯ ಶುರುವಿನಲ್ಲಿ ಆಸ್ಪತ್ರೆಯಿಂದ ಫೋನು ಮಾಡಿದರು. ದನಿ ಅವರದ್ದಲ್ಲವೇನೋ ಎನ್ನುವಷ್ಟು ಸಣ್ಣದಾಗಿತ್ತು.

“ಫಸ್ಟ್ ಮ್ಯಾಚಿಗೆ ಹನ್ನೊಂದು ಜನ ಉಂಟಲ್ಲ?”

“ಹದಿನೈದು ಮಂದಿ ಅದಾರ್ರೀ. ಚಿಂತಿ ಬಿಡ್ರಿ ನೀವು.”

“ಹಾಗಾದ್ರೆ ನಾನು ಬೇಡ,” ಎಂದರು. “ಹದಿನೈದು ಜನ ಇದ್ರೆ ನಾನ್ಯಾಕೆ...” ಫೋನು ಕಟ್ಟಾಯಿತು. ಮರುದಿನ ಸಂಜೆ ಅವರ ಮಗ ಸುದ್ದಿ ಕಳಿಸಿದ.

ನೆರಳು ಸರಿದು ಬಿಸಿಲು ಮೊಣಕಾಲಿಗೆ ಬಂದಾಗ ಎದ್ದೆ. ನಾನು ಒರಗಿ ಕುಳಿತಿದ್ದದ್ದು ಅದೇ ಗೋದಾಮಿನ ಗೋಡೆ. ಒಳಗೆ ಎಲ್ಲೋ, ರಾಶಿ ಪೆಟ್ಟಿಗೆಗಳ ಕೆಳಗೆ, ಆ ಪಿಚ್ಚು ಬಿರುಕಿಲ್ಲದೆ ಇರಬೇಕು. ಟೈರು ಬದಲಿಸಿ, ಮೊಳೆಯನ್ನು ಎಲ್ಲಿತ್ತೋ ಅಲ್ಲೇ ಇಟ್ಟೆ. ಮುಂದಿನ ತಿಂಗಳು ಲೀಗು ಶುರುವಾಗುತ್ತದೆ. ಟೀಮ್ ಹೇಗುಂಟು ಎಂದು ಕೇಳುವವರಿಲ್ಲ.

ಹತ್ತೇ ಜನ ಇದ್ದೇವೆ ಎಂದು ಅವತ್ತು ಹೇಳಬೇಕಿತ್ತು.