ಹಟ್ಟಿಕೇರಿಯ ಮನೆಯಲ್ಲಿ ಅಕ್ಕೋರು ಹೇಳಿದ್ದು

ಅಚ್ಚಿನ ಮಸಿಯ ವಾಸನೆ ನನಗೆ ಒಂದು ಕಾಲದಲ್ಲಿ ಹೊಸ ಪುಸ್ತಕದ ವಾಸನೆಯಾಗಿತ್ತು. ಈಗ ಅದು ಬೇಸಿಗೆ ರಜೆಯ ವಾಸನೆ. ಪಿಯುಸಿ ಫಲಿತಾಂಶ ಬಂದ ಮೇಲೆ ವಿದ್ಯಾರ್ಥಿಗಳು ಕಾಲೇಜು ಹುಡುಕುತ್ತಾರೆ ಎಂದು ನೀವು ತಿಳಿದಿರಬಹುದು. ನಮ್ಮ ಕಡೆ ಕಾಲೇಜುಗಳೇ ವಿದ್ಯಾರ್ಥಿಗಳನ್ನು ಹುಡುಕಿಕೊಂಡು ಹೊರಡುತ್ತವೆ. ಮೊನ್ನೆ ಅಂಕೋಲೆಯ ಪ್ರೆಸ್ಸಿನಿಂದ ಕರಪತ್ರಗಳ ಕಟ್ಟನ್ನು ತಂದು, ತೊಡೆಯ ಮೇಲಿಟ್ಟುಕೊಂಡು ಕಾರವಾರದ ಬಸ್ಸಿನಲ್ಲಿ ಕೂತಿದ್ದೆ. ಮಸಿ ಇನ್ನೂ ಸರಿಯಾಗಿ ಒಣಗಿರಲಿಲ್ಲ. 'ಐಚ್ಛಿಕ ಕನ್ನಡ ಆರಿಸಿಕೊಳ್ಳಿ' ಎಂದು ಮೇಲೆ ಕೆಂಪಕ್ಷರ. ಕೆಳಗೆ ಸಂಯೋಜಕನೆಂದು ನನ್ನ ಹೆಸರು. ಪ್ಯಾಂಟಿನ ಮೇಲೂ ಸ್ವಲ್ಪ ಕೆಂಪು.

ಪದವಿ ಕಾಲೇಜಿನಲ್ಲಿ ಕನ್ನಡ ಎರಡು ಬಗೆ. ಒಂದು, ಎಲ್ಲರೂ ಓದಲೇಬೇಕಾದ ಭಾಷಾ ಪಾಠ; ಅದನ್ನು ಬಿ.ಕಾಂ. ಹುಡುಗರು ಬೆಂಚಿನ ಕೆಳಗೆ ಮೊಬೈಲ್ ನೋಡುತ್ತ ದಾಟಿಬಿಡುತ್ತಾರೆ. ಇನ್ನೊಂದು ಐಚ್ಛಿಕ: ಬೇಕು ಎಂದು ಆರಿಸಿಕೊಂಡು ಮೂರು ವರ್ಷ ಓದುವುದು. ಅದಕ್ಕೆ ಇಷ್ಟು ಜನ ಸೇರಲೇಬೇಕೆಂಬ ಲೆಕ್ಕವಿದೆ. ಸೇರದಿದ್ದರೆ ಮುಚ್ಚುತ್ತಾರೆ. ನಮ್ಮಲ್ಲಿ ಒಮ್ಮೆ ಹಾಗೆ ಮುಚ್ಚಿತು. ಈಗ ಆಡಳಿತ ಮಂಡಳಿ ಮತ್ತೆ ಒಂದು ವರ್ಷದ ಅವಕಾಶ ಕೊಟ್ಟಿದೆ. ಜನ ಸೇರಿದರೆ ಉಳಿಯುತ್ತದೆ; ಇಲ್ಲದಿದ್ದರೆ ಇನ್ನು ಯಾರೂ ಅದರ ಮಾತೆತ್ತುವುದಿಲ್ಲ.

ಹಿಂದೆ ಮುಚ್ಚಿದಾಗ ವಿಭಾಗದ ಮುಖ್ಯಸ್ಥರಾಗಿದ್ದವರು ಅಕ್ಕೋರು. ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ಈ ಕರಾವಳಿಯಲ್ಲಿ ಹಾಗೆ ಕರೆಯುತ್ತಾರೆ. ಕಾಲೇಜಿನಲ್ಲಿ ಅವರು ಮೇಡಂ. ಆದರೆ ಅವರೊಂದಿಗೆ ಊರೂರು ತಿರುಗಿದ ನನ್ನ ಬಾಯಲ್ಲಿ ಅಕ್ಕೋರು ಎಂದೇ ಉಳಿಯಿತು. ಕಾರವಾರದವರು, ಮನೆಯಲ್ಲಿ ಕೊಂಕಣಿ. ಕನ್ನಡವನ್ನು ಕಷ್ಟಪಟ್ಟು ಕಲಿತವರಾದ್ದರಿಂದ ಅದು ಸುಮ್ಮನೆ ಬರುತ್ತದೆ ಎಂದು ಅವರು ಎಂದೂ ನಂಬಲಿಲ್ಲ. ಮೊದಲ ತಿಂಗಳು ಪಠ್ಯ ತೆರೆಯಬಾರದೆಂಬುದು ಅವರ ಯೋಜನೆ. ಮಕ್ಕಳು ತಮ್ಮ ಮನೆಯ ಕೆಲಸವೊಂದನ್ನು ಮನೆಮಾತಿನಲ್ಲೇ ಹೇಳಬೇಕು, ಆಮೇಲೆ ಬರೆಯುವ ಕನ್ನಡಕ್ಕೆ ತರಬೇಕು. ಹಾರವಾಡದ ಹುಡುಗಿಯೊಬ್ಬಳು ಬಲೆಯ ಹರಿದ ಕಣ್ಣು ಹೆಣೆಯುವುದನ್ನು ಎರಡು ಪುಟ ಬರೆದಿದ್ದಳು. ವಿಶ್ವವಿದ್ಯಾಲಯದಿಂದ ಆಗಷ್ಟೇ ಬಂದ ಅತಿಥಿ ಉಪನ್ಯಾಸಕ ನಾನು, "ಇದು ಸಾಹಿತ್ಯ ಹೇಗಾಗ್ತದೆ ಮೇಡಂ?" ಎಂದು ಕೇಳಿದ್ದೆ.

"ಸಾಹಿತ್ಯ ನೀ ಕಲಿಸು ಮಾರಾಯ. ನಂಗೆ ಮೊದ್ಲು ಅವ್ಕೆ ಹೆದರಿಕೆ ಹೋದ್ರೆ ಸಾಕು."

ಯೋಜನೆ ಚೆನ್ನಾಗಿತ್ತು. ಆದರೆ ಐಚ್ಛಿಕ ಕನ್ನಡಕ್ಕೆ ಸಿಕ್ಕಿದ್ದು ದಿನದ ಕೊನೆಯ ತಾಸು, ಹಾರವಾಡದ ಬಸ್ಸು ಹೊರಡುತ್ತಿದ್ದುದೂ ಅದೇ ಹೊತ್ತಿಗೆ. ವೇಳಾಪಟ್ಟಿ ಬದಲಿಸಿ ಎಂದರೆ ವಾಣಿಜ್ಯ ವಿಭಾಗ ಒಪ್ಪಲಿಲ್ಲ. ಬಸ್ಸನ್ನಾದರೂ ಒಂದು ತಾಸು ತಡವಾಗಿ ಬಿಡಿ ಎಂದು ಕೇಳಲು ಅಕ್ಕೋರು ಬಸ್ ನಿಲ್ದಾಣಕ್ಕೇ ಹೋದರು. ಕಂಟ್ರೋಲರು ಸಮಾಧಾನದಿಂದ ಎಲ್ಲ ಕೇಳಿ, "ಅಕ್ಕೋರೆ, ನಿಮ್ಮ ಕನ್ನಡ ನಾಳೆನೂ ಇರ್ತದೆ. ಈ ಬಸ್ಸು ತಡ ಆದ್ರೆ ಮೀನು ಮಾರಿ ಬಂದ ಹೆಂಗಸ್ರು ಮನೆಗೆ ಹೋಗುದು ಹ್ಯಾಂಗೆ?" ಎಂದರು. ಹೊರಗೆ ಬಂದು ಅಕ್ಕೋರು ನಕ್ಕರು ಎಂದು ನನ್ನ ನೆನಪು. ನಕ್ಕಿರಲಿಕ್ಕಿಲ್ಲ. ಈಗ ಈ ನೆನಪುಗಳನ್ನು ನಾನು ಹೆಚ್ಚು ನಂಬುವುದಿಲ್ಲ, ಯಾಕೆಂದು ಹೇಳುತ್ತೇನೆ.

ನಾನು ಪಿಎಚ್‌.ಡಿ. ಮಾಡಿದ್ದೇ ಆತ್ಮಕಥೆಗಳ ಮೇಲೆ. ನೆನಪೆಂಬುದು ನಡೆದದ್ದನ್ನು ಹಿಡಿದಿಡುವುದಿಲ್ಲ, ಬೇಕಾದಂತೆ ಕಟ್ಟುತ್ತದೆ ಎಂದು ಅಧ್ಯಾಯಗಟ್ಟಲೆ ಬರೆದು, ದೊಡ್ಡವರ ಮಾತುಗಳನ್ನೆಲ್ಲ ಅನುಮಾನಿಸಿ, ಮೌಖಿಕ ಪರೀಕ್ಷೆಯಲ್ಲಿ ಹೊಗಳಿಸಿಕೊಂಡು ಬಂದವನು. ಅನುಮಾನವನ್ನು ಬೇರೆಯವರ ನೆನಪಿನ ಮೇಲಷ್ಟೇ ಬಳಸಬೇಕೆಂದು ನನಗೆ ಯಾರೂ ಹೇಳಿರಲಿಲ್ಲ, ಆದರೂ ಹಾಗೆಯೇ ಬಳಸಿದೆ.

ಕೊನೆಯ ವರ್ಷ ಐಚ್ಛಿಕ ಕನ್ನಡದ ಲೆಕ್ಕಕ್ಕೆ ಒಬ್ಬರು ಕಡಿಮೆ ಬಿದ್ದರು. ಹಟ್ಟಿಕೇರಿಯ ನಾಗವೇಣಿ ಎಂಬ ಹುಡುಗಿ ಪಿಯುಸಿಯಲ್ಲಿ ಕನ್ನಡಕ್ಕೆ ಒಳ್ಳೆಯ ಅಂಕ ತೆಗೆದಿದ್ದಾಳೆಂದು ಕೇಳಿ ಅಕ್ಕೋರೂ ನಾನೂ ಅವಳ ಮನೆಗೆ ಹೋದೆವು. ಸುಡುಬಿಸಿಲು. ಶೇಂಗಾ ಕಿತ್ತ ಗದ್ದೆಯಂಚಿನಲ್ಲಿ ನಡೆದು ಹೋದದ್ದು, ಅವಳ ತಾಯಿ, ಅವಳ ಮಾತಿನಲ್ಲಿ ಆಯಿ, ಕೋಕಂ ಪಾನಕ ಕೊಟ್ಟದ್ದು ನೆನಪಿದೆ. ಮುಂದಿನದನ್ನು ನಾನು ಅದೆಷ್ಟು ಕಡೆ ಹೇಳಿದ್ದೇನೋ. ಹುಡುಗಿಗೆ ಬಿ.ಕಾಂ. ಆಸೆ. ಅದನ್ನು ಅವಳ ಮುಖದಲ್ಲೇ ಕಂಡ ಅಕ್ಕೋರು ಲೋಟ ಕೆಳಗಿಟ್ಟು, "ಮಗಳೇ, ನಿನ್ನ ಮನಸ್ಸು ಎಲ್ಲಿದೆಯೋ ಅಲ್ಲಿಗೇ ಹೋಗು. ಒಂದು ವಿಭಾಗ ಉಳಿಸಲು ನಿನ್ನ ಬದುಕನ್ನು ಕೇಳುವ ಹಕ್ಕು ನಮಗಿಲ್ಲ" ಎಂದರು. ನಾವು ಎದ್ದು ಬಂದೆವು. ಐಚ್ಛಿಕ ಮುಚ್ಚಿತು. ಅಕ್ಕೋರು ನಿವೃತ್ತಿಯವರೆಗೂ ಬಿ.ಕಾಂ.ನವರಿಗೆ ಭಾಷಾ ಪಾಠ ಮಾಡಿದರು. ಹೋದ ಮಳೆಗಾಲ ತೀರಿಕೊಂಡರು. ಸಂತಾಪ ಸಭೆಯಲ್ಲಿ ನಾನು ಈ ಪ್ರಸಂಗ ಹೇಳಿದಾಗ ಹಿಂದಿನ ಸಾಲಿನವರೂ ಕಣ್ಣೊರೆಸಿಕೊಂಡರು. ಯಾರೋ ಅದನ್ನು ವಿಡಿಯೋ ಮಾಡಿ ಊರೆಲ್ಲ ಹಂಚಿದರು.

ಮೊನ್ನೆ ಬಸ್ಸು ಹಟ್ಟಿಕೇರಿಯಲ್ಲಿ ನಿಂತಾಗ ಹತ್ತಿದ ಹೆಂಗಸು ನನ್ನ ಪಕ್ಕ ಕೂತು, ಕರಪತ್ರ ನೋಡಿ, "ಸರ್, ಮತ್ತೆ ಸುರು ಮಾಡಿದ್ರಾ?" ಎಂದಳು. ಗುರುತು ಸಿಗಲಿಲ್ಲ. "ನಾಗವೇಣಿ ಸರ್. ಈಗ ಬಿಣಗಾದಲ್ಲಿ ಸೊಸೈಟಿಲಿ ಕೆಲ್ಸ."

ಅವಳು ಚೆನ್ನಾಗಿರುವುದನ್ನು ಕಂಡು ನನಗೆ ಹೆಮ್ಮೆಯಾಯಿತು. ಅಕ್ಕೋರ ಔದಾರ್ಯದ ಫಲ ಪಕ್ಕದ ಸೀಟಿನಲ್ಲಿ ಕೂತಿದೆ ಎಂಬಂತೆ ಅವರ ಮಾತು ತೆಗೆದೆ.

"ನಿಮ್ಮ ವಿಡಿಯೋ ನೋಡ್ದೆ ಸರ್. ಚೊಲೊ ಮಾತಾಡಿದ್ರಿ." ಕಟ್ಟಿನ ಮೇಲಿನ ಕರಪತ್ರವನ್ನು ಬೆರಳಿನಿಂದ ನೇರ ಮಾಡಿದಳು. "ಆದ್ರೆ ಅಕ್ಕೋರು ಹಾಂಗೆ ಹೇಳ್ಲಿಲ್ಲ."

"ಮತ್ತೆ?"

"ಬಾ ಅಂತ್ಲೇ ಹೇಳಿದ್ರು. ನಮ್ಮ ಆಯಿ ಕೈ ಹಿಡ್ಕಂಡು, ತಂಗಿನ ಕರ್ದಾಂಗೆ ಬಾಯಿ ಅಂತ ಕರ್ದು, 'ಒಂದ್ ಹುಡ್ಗಿ ಬೇಕು ಬಾಯಿ, ಒಂದೇ' ಅಂದ್ರು. ನೀವು ಆಗ ಅಂಗಳದಲ್ಲಿ ಫೋನ್ ಹಿಡ್ಕಂಡು ತಿರುಗ್ತಿದ್ರಿ. ಮತ್ತೊಂದ್ ಸಲ ಅವ್ರು ಒಬ್ರೇ ಬಂದಿದ್ರು. ನಿಮ್ಗೆ ಹೇಳ್ಲಿಲ್ವಾ?"

ಹೇಳಿರಲಿಲ್ಲ. ಹೇಳಿದ್ದರೂ ನಾನು ಮರೆತಿರಬಹುದು. ಈಗ ಯಾವುದಕ್ಕೂ ಆಣೆ ಹಾಕಲಾರೆ. "ಹಾಗಾದರೆ ಬರುವುದಿಲ್ಲ ಅಂದವರು ಯಾರು?" ಎಂದು ಕೇಳಿದೆ.

"ನಾ ಬರ್ತಿದ್ನೇನೋ ಸರ್. ನಂಗೆ ಬಿ.ಕಾಂ. ಅಂತ ಎಂತದೂ ಇರ್ಲಿಲ್ಲ, ಕನ್ನಡ ಅಂದ್ರೆ ಇಷ್ಟಾನೇ ಆಗಿತ್ತು. ಅಕ್ಕೋರು ಹೋದ್ ಮೇಲೆ ಆಯಿ ಅಂತು, ಕಲ್ಸೋರೇ ಹೀಂಗೆ ಮನೆಮನೆ ತಿರ್ಗಿ ಕೇಳ್ತ್ರು ಅಂದ್ರೆ ಕಲ್ತೋರ ಗತಿ ಎಂತದು ಮಗಾ, ಅಂತ." ಅವಳ ದನಿಯಲ್ಲಿ ದೂರಿರಲಿಲ್ಲ. "ಆಯಿದೇನು ತಪ್ಪಲ್ಲ ಅಲ್ವಾ ಸರ್?"

ಬಸ್ಸು ಅಮದಳ್ಳಿ ದಾಟಿತು. ನನಗೆ ತಟ್ಟನೆ ಹೊಳೆದದ್ದು ಬೇರೆ. ನಾನು ಅಕ್ಕೋರ ಬಾಯಲ್ಲಿ ಇಟ್ಟ ಆ ವಾಕ್ಯ ಎಷ್ಟು ಅಚ್ಚುಕಟ್ಟಾಗಿತ್ತು. 'ನಿನ್ನ ಬದುಕನ್ನು ಕೇಳುವ ಹಕ್ಕು ನಮಗಿಲ್ಲ.' ಹಾಗೆ ಅಕ್ಕೋರು ಒಂದು ದಿನವಾದರೂ ಮಾತಾಡಿದವರಲ್ಲ. ಅದು ನನ್ನ ಪ್ರಬಂಧದ ಭಾಷೆ. ಬೇರೆ ಯಾರ ಆತ್ಮಕಥೆಯಲ್ಲಾದರೂ ಆ ಸಾಲು ಸಿಕ್ಕಿದ್ದರೆ ನಾನು ಪೆನ್ಸಿಲಿನಿಂದ ಅಡಿಗೆರೆ ಎಳೆದು ಪಕ್ಕದಲ್ಲಿ ಪ್ರಶ್ನಾರ್ಥಕ ಹಾಕುತ್ತಿದ್ದೆ. ಎದುರಿಗಿದ್ದ ಸಭೆ ಅಳುತ್ತಿತ್ತು. ನನಗೆ ಆ ಯೋಚನೆಯೇ ಬರಲಿಲ್ಲ.

ಯಾಕೆ ಕಟ್ಟಿಕೊಂಡೆನೋ ಗೊತ್ತಿಲ್ಲ. ಸೋಲನ್ನು ತ್ಯಾಗವಾಗಿಸಿದರೆ ಅದರ ಜೊತೆ ಬದುಕುವುದು ಸುಲಭ ಎಂದೇ ಇರಬೇಕು. ಒಂದು ವಿಭಾಗ ದೊಡ್ಡ ಮನಸ್ಸಿನಿಂದ ಮುಚ್ಚಿತು ಎಂದು ಸಭೆಯಲ್ಲಿ ಹೇಳಬಹುದು. ಅದರ ಮುಖ್ಯಸ್ಥೆ ಇನ್ನೊಬ್ಬ ಹೆಂಗಸಿನ ಕೈ ಹಿಡಿದು ಕೇಳಿ, ಎರಡನೇ ಸಲ ಗದ್ದೆಯಂಚಿನಲ್ಲಿ ಒಬ್ಬರೇ ನಡೆದು ಹೋಗಿ, ಬರಿಗೈಯಲ್ಲಿ ಬಂದರು ಎಂದು ಹೇಗೆ ಹೇಳುವುದು?

ಬಿಣಗಾದಲ್ಲಿ ಇಳಿಯುವಾಗ ನಾಗವೇಣಿ, "ಬೇಜಾರ್ ಮಾಡ್ಕಬೇಡಿ ಸರ್. ವಿಡಿಯೋದಲ್ಲಿದ್ದಿದ್ದೇ ಚೊಲೊ ಇತ್ತು" ಎಂದಳು.

ಕಾರವಾರದಲ್ಲಿ ಬಸ್ಸು ಬದಲಿಸಿ, ಕಾಳಿ ನದಿಯ ಸೇತುವೆ ದಾಟಿ ಚಿತ್ತಾಕುಲದಲ್ಲಿ ಇಳಿದೆ. ವಾಪಸು ಹೋಗಿಬಿಡೋಣ ಎಂದು ಒಮ್ಮೆ ಅನಿಸಿತು. ಆದರೆ ಈ ವರ್ಷವೂ ಸಾಕಷ್ಟು ಜನ ಸೇರಿಲ್ಲ. ಪಿಯುಸಿ ಮುಗಿಸಿದ ಹುಡುಗಿಯೊಬ್ಬಳ ವಿಳಾಸ ಹಿಡಿದು ಅವಳ ಮನೆಯ ಮುಂದೆ ನಿಂತೆ. ಹುಡುಗಿಯ ತಾಯಿ ಕುರ್ಚಿ ತಂದಿಟ್ಟು ಒಳಗೆ ನೋಡಿ, "ಭಾಯ್ರ ಯೋ ಗೋ" ಎಂದು ಕೊಂಕಣಿಯಲ್ಲಿ ಮಗಳನ್ನು ಹೊರಗೆ ಕರೆದರು. ನಾನು ಕೂತೆ. ಹುಡುಗಿ ಬಾಗಿಲಿಗೆ ಬಂದು ನಿಂತಳು.

"ಹೇಳಿ ಮಾಸ್ತರೆ, ಎಂತ ಬಂದದ್ದು?" ಎಂದು ತಾಯಿ ಕೇಳಿದರು.

ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದೆ: ಭಾಷೆಯ ಮಹತ್ವ, ಹೊಸ ಪಠ್ಯಕ್ರಮ, ಉದ್ಯೋಗದ ಅವಕಾಶ. ಬಾಯಿ ತೆರೆದಾಗ ಅದಾವುದೂ ಬರಲಿಲ್ಲ.

"ಒಂದು ಹುಡುಗಿ ಬೇಕಿತ್ತು ಬಾಯಿ," ಎಂದೆ. "ನಿಮ್ಮವಳು ಬಂದರೆ ಉಪಕಾರ ಆಗ್ತದೆ."

ನನ್ನ ದನಿ ನನಗೇ ಕೇಳಿಸಿತು. ಅಕ್ಕೋರ ದನಿ ಆ ದಿನ ಹೇಗಿತ್ತು ಎಂಬುದಕ್ಕೆ ನನ್ನಲ್ಲಿ ಇದಕ್ಕಿಂತ ನಂಬಬಹುದಾದ ಸಾಕ್ಷಿ ಇಲ್ಲ. ತಾಯಿ ಬೆವರಿದ ನನ್ನ ಅಂಗಿಯನ್ನೂ ಧೂಳಾದ ಚಪ್ಪಲಿಯನ್ನೂ ನೋಡಿದರು. ಆಮೇಲೆ ತಿರುಗಿ ಮಗಳನ್ನು ನೋಡಿದರು. ನಾನು ಹೋದ ಮೇಲೆ ಈ ಮನೆಯಲ್ಲಿ ನಡೆಯುವ ಮಾತು ಯಾವುದೆಂದು ಆ ನೋಟದಲ್ಲೇ ತಿಳಿಯಿತು.

ಏಳಬೇಕಿತ್ತು. ಏಳಲಿಲ್ಲ. ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡು ಮತ್ತೊಮ್ಮೆ ಕೇಳಿದೆ.