ಸಮ್ರಾನಣ್ಣ ವಾಪಸ್ ಕೇಳಿದ ರಕ್ತ

ನಮ್ಮಣ್ಣ ಸಮ್ರಾನ್ ಹೊಳೆ ದಾಟಿಸುವ ದೋಣಿಯವನು. ಅವನ ಹಟದ ಮುಂದೆ ಎಮ್ಮೆಯೂ ಸೋಲಬೇಕು. ಅಮ್ಮ ಕೊನೆಯ ಕೆಲವು ವರ್ಷ ಬದುಕಿದ್ದೇ ಯಾರ್‍ಯಾರೋ ಕೊಟ್ಟ ರಕ್ತದಿಂದ. ಅದಕ್ಕೇ ಅವಳ ತಿಥಿಯ ದಿನ ಅಣ್ಣ ನಮ್ಮೂರ ಬೌದ್ಧ ವಿಹಾರದ ರಕ್ತದಾನ ಶಿಬಿರದಲ್ಲಿ ರಕ್ತ ಕೊಟ್ಟು, ಬೋಧಿಮರದ ಬುಡಕ್ಕೆ ನೀರೆರೆದು ಆ ಪುಣ್ಯವನ್ನು ಅವಳಿಗೆ ಮುಟ್ಟಿಸುತ್ತಿದ್ದ.

ಈ ವರ್ಷವೂ ಮೊಣಕೈಗೆ ಹತ್ತಿ ಒತ್ತಿಕೊಂಡು ಮರದ ಹತ್ತಿರ ಬಂದು, "ಎರೆಯೋಕೆ ನೀರು ಕೊಡೇ" ಅಂದ.

ನನಗೆ ತಟ್ಟನೆ ಹೊಳೆಯಿತು. "ಅಣ್ಣಾ, ಹೋದ ತಿಂಗಳು ಬೆನ್ನಿಗೆ ರಕ್ಷೆಯ ಯಂತ್ರ ಅಂತ ಹಚ್ಚೆ ಚುಚ್ಚಿಸ್ಕೊಂಡ್ಯಲ್ಲ, ನರ್ಸಮ್ಮನಿಗೆ ಹೇಳ್ದ್ಯಾ?"

"ಕೇಳಿದ್ರು. ಇಲ್ಲ ಅಂದೆ. ಹೇಳಿದ್ರೆ ವಾಪಸ್ ಕಳಿಸ್ತಿದ್ರು. ಅದೇನು ಅಂಗಡಿ ಹಚ್ಚೇನಾ? ಗುರುಗಳು ಮಂತ್ರ ಹಾಕಿದ ಸೂಜಿ."

"ಅದೇ ಸೂಜೀಲಿ ಎಷ್ಟು ಬೆನ್ನು ಚುಚ್ಚಿದ್ರೋ! ಹೊಸದಾಗಿ ಅಂಟಿದ ರೋಗ ಪರೀಕ್ಷೇಲೂ ಸಿಗಲ್ಲ ಅಂತ ಸರ್ಕಾರದೋರು ಬಡ್ಕೋತಾರೆ, ನಿನ್ನ ಕಿವಿಗೇನಾಗಿದೆ?" ನನಗೆ ಮೈಯೆಲ್ಲ ಉರಿದುಹೋಯಿತು.

ಅಣ್ಣ ನೀರಿನ ಬಟ್ಟಲು ಹಿಡಿದು ಮರದ ಬುಡದಲ್ಲಿ ಕೂತ. ಬಟ್ಟಲು ಬಾಗಲಿಲ್ಲ. "ಅಮ್ಮನಂಥ ಯಾರಿಗೋ ಅದು ಹೋಗುತ್ತಲ್ವೇನೇ?" ಅಂದ. ಬಟ್ಟಲು ಕೆಳಗಿಟ್ಟು ಎದ್ದ.

ರಕ್ತದ ಚೀಲಗಳನ್ನು ಒಯ್ಯುವ ವ್ಯಾನಿನ ಬಾಗಿಲು ಮುಚ್ಚುವುದರಲ್ಲಿತ್ತು. ಶಿಬಿರದ ತಪಾಸಣೆಗೆಂದು ಬಂದಿದ್ದ ಆರೋಗ್ಯ ಇಲಾಖೆಯ ಅಧಿಕಾರಿ ಅಲ್ಲೇ ನಿಂತಿದ್ದರು. ಊರಿನವರೆಲ್ಲ ನೋಡುತ್ತಿರುವಾಗಲೇ ಅಣ್ಣ ಅಂಗಿ ಎತ್ತಿ ಬೆನ್ನು ತೋರಿಸಿದ.

"ಸುಳ್ಳು ಹೇಳ್ಬಿಟ್ಟೆ ಸ್ವಾಮಿ. ನನ್ನ ಚೀಲ ತೆಗೆದಿಡಿ."

ಜನ ಕಿಸಕ್ಕೆಂದರು. ಅಧಿಕಾರಿ ನಗಲಿಲ್ಲ. ನರ್ಸ್ ವಿಲೈ ಐಸ್ ಪೆಟ್ಟಿಗೆಯೊಳಗಿಂದ ಅವನ ಚೀಲ ಹುಡುಕಿ ತೆಗೆದಳು. ಅಧಿಕಾರಿ ಅದಕ್ಕೆ ಕೆಂಪು ಚೀಟಿ ಅಂಟಿಸಿ, "ಇದನ್ನ ಸುಟ್ಟುಹಾಕ್ತೀವಿ. ಮುಂದಿನ ವರ್ಷ ಬನ್ನಿ ಅಣ್ಣಾ," ಅಂದರು.

ಮರದ ಬಳಿ ಬಂದಾಗ ಅಣ್ಣನ ಕಣ್ಣು ತುಂಬಿತ್ತು. "ಈ ವರ್ಷ ಅಮ್ಮನಿಗೆ ಏನೂ ಇಲ್ಲ ಕಣೇ."

ನನಗೂ ಅಳು ಬಂತು. ಬಟ್ಟಲನ್ನು ನಾನೇ ಎತ್ತಿಕೊಂಡು ನೀರು ಬಿಡತೊಡಗಿದೆ.

"ಏನಂತ ಎರೀತೀಯೇ?"

"ಅಷ್ಟು ಜನರ ಮುಂದೆ ಅಂಗಿ ಎತ್ತಿ ನಿಜ ಹೇಳಿದ್ಯಲ್ಲ, ಅದರ ಪುಣ್ಯಾನೇ. ಸುಮ್ನೆ ಕೂತ್ಕೊಂಡು ನನ್ನ ಕೈ ಮುಟ್ಟು, ನೀನೇ ಎರೆದ ಹಾಗೆ."

ಅಣ್ಣ ನನ್ನ ಮೊಣಕೈ ಮುಟ್ಟಿಕೊಂಡು, ನೀರು ಮುಗಿಯುವ ತನಕ ಕೂತಿದ್ದ.