ಮಾನಮ್ಮನ ‘ನರದ ಮಾತ್ರೆ’

ಹಲಸೂರಿನ ಓಣಿಗೆ ಇನ್ನೂ ಬೆಳಕು ಹರಿದಿಲ್ಲ. ಮಾನಮ್ಮ ನಡುಮನೆಯಲ್ಲಿ ಚಾಪೆ ಹಾಸಿ ಕಾಯುತ್ತಿದ್ದಾರೆ. ರಸ್ತೆ ಗುಡಿಸಲು, ಶಿವಾಜಿನಗರದ ಬಿರಿಯಾನಿ ಅಡುಗೆಮನೆಗಳಲ್ಲಿ ಈರುಳ್ಳಿ ಸುಲಿಯಲು ಹೊರಟ ತಾಯಂದಿರು ನಿದ್ದೆಗಣ್ಣಿನ ಮಕ್ಕಳನ್ನು ಅವರ ಮಡಿಲಿಗೆ ಹಾಕಿ ಓಡುತ್ತಾರೆ. ಇವತ್ತು ಬಂದಿರುವುದು ಇಬ್ಬರೇ ಮಕ್ಕಳು. ಮೊದಲು ಚಾಪೆ ಸಾಲುತ್ತಿರಲಿಲ್ಲ.

ಯಾದಗಿರಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದು ಸೊಂಟದ ಬಲ ಕಳೆದುಕೊಂಡವರು ಮಾನಮ್ಮ. ಗಂಡ ತೀರಿಕೊಂಡ ಮೇಲೆ ಎದೆ ಸುಮ್ಮಸುಮ್ಮನೆ ಢವಢವ ಅನ್ನತೊಡಗಿತು. ಮನೋವೈದ್ಯರು ಆತಂಕಕ್ಕೆ ಮಾತ್ರೆ ಕೊಟ್ಟರು. "ತಲೆ ಸರಿಯಿಲ್ಲ ಅಂತ ಮಾತ್ರೆ ತಿನ್ನೋಳ ಹತ್ರ ಯಾರಾದ್ರೂ ಮಗು ಬಿಡ್ತಾರಾ?" ಎಂಬ ಅಳುಕು ಮಾನಮ್ಮನಿಗೆ. ಅದಕ್ಕೇ ಆ ಮಾತ್ರೆಗೊಂದು ಮರ್ಯಾದೆಯ ಹೆಸರಿಟ್ಟರು: ನರದ ಮಾತ್ರೆ. ಸೊಂಟ ಹಿಡಿದಾಗ ಬೇರೆ ಡಾಕ್ಟರಿಗೂ ‘ನರದ ಮಾತ್ರೆ ತಗೊಳ್ತೀನಿ’ ಎಂದೇ ಹೇಳಿದರು. ಕೈಕಾಲು ಜೋಮಿಗೆ ನುಂಗುವ ವಿಟಮಿನ್ ಗುಳಿಗೆಗೂ ನಮ್ಮಲ್ಲಿ ಇದೇ ಹೆಸರು. ಡಾಕ್ಟರು ಅದೇ ಇರಬೇಕೆಂದುಕೊಂಡು ಜೋರಾದ ನೋವಿನ ಮಾತ್ರೆ ಬರೆದುಕೊಟ್ಟರು. ಚೀಟಿ ತೋರಿಸಮ್ಮಾ ಎಂದು ಒಂದು ಮಾತು ಕೇಳಬಾರದಿತ್ತೇ?

ಎರಡನ್ನೂ ನುಂಗಿದ ಬೆಳಗ್ಗೆ ಮಾನಮ್ಮ ಗೋಡೆಗೆ ಒರಗಿದವರು ಏಳಲಿಲ್ಲ. ಮಗುವನ್ನು ಅವರ ಬಳಿ ಬಿಟ್ಟು ಕೆಲಸಕ್ಕೆ ಹೋಗಿದ್ದ ನಾಜಿಶಳ ಮಗಳು ಸಾಮಿಯಾ ಅಂಬೆಗಾಲಿಡುತ್ತ ಮುಖ್ಯರಸ್ತೆಯವರೆಗೆ ಹೋಗಿದ್ದಳು. ಆಟೋದವನೊಬ್ಬ ಎತ್ತಿ ತಂದ. ಅಕ್ಕಪಕ್ಕದವರು ಮಾನಮ್ಮನನ್ನು ಆಸ್ಪತ್ರೆಗೆ ಸಾಗಿಸಿದರು. ಇವೆರಡೂ ಸೇರಿದರೆ ಮಂಪರು ಏರಿ ಉಸಿರೇ ನಿಂತುಹೋಗಬಹುದು ಎಂದು ಅಲ್ಲಿನ ವೈದ್ಯರು ಹೇಳಿದರಂತೆ.

"ನನ್ನ ಉಸಿರು ಹಾಳಾಗ್ಲಿ. ಆ ಕೂಸು..." ಮಾನಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಾರೆ. ನಾಚಿಕೆ ಇನ್ನೂ ಹಸಿಯಾಗಿಯೇ ಇದೆ. "ನಾನು ಸುಳ್ಳು ಹೇಳ್ಲಿಲ್ಲ, ನಿಜಾನೂ ಹೇಳ್ಲಿಲ್ಲ. ಮಾನ ಉಳಿಸ್ಕೊಳ್ಳೋಕೆ ಹೋಗಿ ಮಾನಾನೇ ಕಳ್ಕೊಂಡೆ."

ಈಗ ನೋವಿನ ಮಾತ್ರೆ ಬದಲಾಗಿದೆ. ಆತಂಕದ ಮಾತ್ರೆಯನ್ನು ನೀವಾಗೇ ನಿಲ್ಲಿಸಬೇಡಿ ಎಂದಿದ್ದಾರೆ ವೈದ್ಯರು. ಮಾನಮ್ಮ ಏನೇನು ನುಂಗುತ್ತಾರೆಂದು ಈಗ ಇಬ್ಬರು ಡಾಕ್ಟರಿಗೂ ಗೊತ್ತು.

ನಮ್ಮ ಮಾತು ನಡೆದಿರುವಾಗಲೇ ನಾಜಿಶ್ ಬರುತ್ತಾಳೆ. ಆ ದಿನದ ಮೇಲೆ ಇದೇ ಮೊದಲು. ಮಗು ಕಂಕುಳಲ್ಲೇ ಇದೆ. ಮಾನಮ್ಮ ಕೈ ಚಾಚುವುದಿಲ್ಲ.

"ಕೇಳು ನಾಜಿಶ್, ನಾನು ತಗೊಳ್ಳೋದು ಭಯಕ್ಕೆ ಕೊಡೋ ಮಾತ್ರೆ. ಮುಂದಕ್ಕೂ ತಗೋಬೇಕು. ಗೊತ್ತಿದ್ದೇ ಮಗೂನ ಬಿಡೋದಾದ್ರೆ ಬಿಡು."

ನಾಜಿಶ್ ಮಗುವನ್ನು ಚಾಪೆಯ ಮೇಲೆ ಕೂರಿಸುತ್ತಾಳೆ. ತಾನೂ ಪಕ್ಕದಲ್ಲೇ ಕೂರುತ್ತಾಳೆ. "ಇವತ್ತು ನಾನೂ ಸ್ವಲ್ಪ ಹೊತ್ತು ಇರ್ತೀನಿ ಅಕ್ಕಾ," ಎನ್ನುವಾಗ ಅವಳಿಗೂ ಸಂಕೋಚ.

"ಇರು ತಾಯಿ. ನಾಳೇನೂ ಬಂದು ಕೂತ್ಕೋ," ಎನ್ನುತ್ತಾರೆ ಮಾನಮ್ಮ. "ನಂಬಿಕೆ ಬಂದ ದಿನ ಎದ್ದು ಹೋಗು."